ಹುಲಿಯ ಧ್ವಜ ಹಿಡಿದ ನಮ್ಮ ಅರಸ

ಕಳೆದ ರವಿವಾರದ ಪುರವಣಿಯಲ್ಲಿ ಯಾರೋ ಪುಣ್ಯಾತ್ಮರು ತಮಿಳು ಭಾಷೆಯ ಅತ್ಯುತ್ತಮ ಐತಿಹಾಸಿಕ ಚಲನಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದಾರೆ. ಅರಸರು, ಅರಮನೆ, ಆನೆ, ಕತ್ತಿವರಸೆ ಎಲ್ಲವೂ ಉಳ್ಳ ಹತ್ತು ಚಿತ್ರಗಳು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನಾನು ನೋಡಿದ ಚಿತ್ರ ಅದರಲ್ಲಿ ಇರಲಿಲ್ಲ. ನನ್ನ ಕಣ್ಣಿನ ಮೇಲೆಯೇ ಅನುಮಾನ ಬಂದು ಸೊಸೆಯನ್ನು ಕರೆದು ಓದಿಸಿದೆ.

"ಮಾವಾರ, ಯಾವ ಚಿತ್ರ ಹುಡುಕಾಕತ್ತೀರಿ? ಹೆಸರರೆ ಹೇಳ್ರಿ" ಎಂದಳು.

ತೊಡಕು ಇದ್ದದ್ದು ಅಲ್ಲಿಯೇ. ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. ಥೇಟರಿನ ಗೋಡೆಯ ಮೇಲೆ ಅಂಟಿಸಿದ್ದ ಕಾಗದ ತಮಿಳು ಲಿಪಿಯಲ್ಲಿತ್ತು. ಅದು ಹಾಗಿರಲಿ, ನಾನು ನೋಡಿದ ಆ ಚಿತ್ರವನ್ನು ಅದನ್ನು ತೆಗೆದವರೇ ನೋಡಿರಲಾರರು. ಎರಡನೆಯ ಮಹಾಯುದ್ಧ ನಡೆದಿದ್ದ ಕಾಲದಲ್ಲಿ, ಹುಬ್ಬಳ್ಳಿಯ ಒಂದು ತಗಡಿನ ಥೇಟರಿನಲ್ಲಿ, ಗುರುವಾರದಿಂದ ರವಿವಾರದವರೆಗೆ ನಾಲ್ಕೇ ದಿನ ಬಾಳಿದ ಚಿತ್ರ ಅದು. ತಮಿಳಿನ ಐತಿಹಾಸಿಕ ಚಿತ್ರಗಳಲ್ಲಿ ಅದರಂಥದು ಇನ್ನೊಂದಿಲ್ಲವೆಂದು ನಾನು ಈಗಲೂ ವಾದಿಸಬಲ್ಲೆ. ವಾದಿಸಿದೆ ಕೂಡ. ಸೊಸೆ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಎದ್ದು ಹೋದಳು. ಆದ್ದರಿಂದ ಈಗ ನಿಮ್ಮ ಪಾಳಿ.

ಒಬ್ಬರು ಹೇಳಿದ್ದನ್ನು ಹಾಗೆಯೇ ಒಪ್ಪಿಕೊಳ್ಳುವ ಗುಣ ನನಗೆ ಹುಟ್ಟಿನಿಂದ ಬಂದಿಲ್ಲ. ಹತ್ತು ವರ್ಷದವನಿದ್ದಾಗ ಧಾರವಾಡದಲ್ಲಿ ದೊಡ್ಡವ್ವನ ಮನೆಯಲ್ಲಿದ್ದೆ. ಕೆಲಗೇರಿಯ ಕೆರೆಗೆ ನಡುಮಧ್ಯದಲ್ಲಿ ತಳವೇ ಇಲ್ಲವೆಂದು ಅಲ್ಲಿ ಎಲ್ಲರೂ ಹೇಳುತ್ತಿದ್ದರು. ತಳವಿಲ್ಲದಿದ್ದರೆ ನೀರು ಯಾವುದರ ಮೇಲೆ ನಿಂತಿದೆ ಎಂದು ನಾನು ಕೇಳಿದೆ. ದೊಡ್ಡವ್ವನ ಬಾವಿಯ ಹಗ್ಗ ಬಿಚ್ಚಿಕೊಂಡು, ತುದಿಗೆ ಕಲ್ಲು ಕಟ್ಟಿ, ಒಬ್ಬ ಮುದುಕನ ತೆಪ್ಪದಲ್ಲಿ ನಡುನೀರಿಗೆ ಹೋಗಿ ಅಳೆಯತೊಡಗಿದೆ. ಹಗ್ಗ ಕೈಜಾರಿ ಪೂರ್ತಿಯಾಗಿ ನೀರು ಸೇರಿತು. ಆ ಸಂಜೆಯಿಂದ ಕೆರೆಗೆ ತಳವಿಲ್ಲವೆಂಬುದಕ್ಕೆ ನಾನೇ ಸಾಕ್ಷಿಯಾದೆ. "ಹುಡುಗ ಇಡೀ ಹಗ್ಗ ಬಿಟ್ಟು ನೋಡಿದ, ಮುಟ್ಟಲೇ ಇಲ್ಲ" ಎಂದು ಜನ ನನ್ನ ಹೆಸರು ಹೇಳಿ ನಂಬಿಸತೊಡಗಿದರು. ಲೋಕದ ನಂಬಿಕೆಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ನಾನು ಕಲಿತದ್ದು ಹಾಗೆ. ಬಾವಿಯ ಹಗ್ಗಕ್ಕಾಗಿ ದೊಡ್ಡವ್ವ ಕಲಿಸಿದ ಪಾಠ ಬೇರೆ.

ಸಾಲಿ ನನಗೆ ಬಹಳ ದಿನ ಒಗ್ಗಲಿಲ್ಲ. ಹುಬ್ಬಳ್ಳಿಗೆ ಬಂದು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ಸೇರಿದೆ. ನನ್ನ ವಿದ್ಯಾಭ್ಯಾಸವೆಲ್ಲ ಅಲ್ಲಿಯೇ ನಡೆಯಿತು. ರಟ್ಟು ಕಟ್ಟಲು ಬಂದ ಪುಸ್ತಕವನ್ನು ಗೋಂದು ಒಣಗುವಷ್ಟರಲ್ಲಿ ಓದಿ ಮುಗಿಸಬೇಕು. ಮಳೆಗಾಲದಲ್ಲಿ ಗೋಂದು ನಿಧಾನವಾಗಿ ಒಣಗುತ್ತದೆಯಾದ್ದರಿಂದ ಮಳೆಗಾಲದಲ್ಲಿ ಓದಿದ ವಿಷಯಗಳಲ್ಲಿ ನನ್ನ ಪಾಂಡಿತ್ಯ ಹೆಚ್ಚು. ಬೇಸಿಗೆಯ ವಿಷಯಗಳು ಅರ್ಧಂಬರ್ಧ. ಇತಿಹಾಸ ನನ್ನ ಪಾಲಿಗೆ ಮಳೆಗಾಲದಲ್ಲಿ ಬಂದಿತ್ತು.

ಇನ್ನು ನಿಂಗಪ್ಪ ಮಾಮಾನ ವಿಷಯ. ನನ್ನ ಅವ್ವನ ತಮ್ಮ; ನಮ್ಮ ಮನೆಯಲ್ಲಿಯೇ ಇರುತ್ತಿದ್ದ. ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಪಕ್ಕದಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ನಿಂತು, ತಗಡಿನ ಕೊಳವೆಯನ್ನು ಬಾಯಿಗೆ ಹಿಡಿದು, ಕತೆ ಹೇಳುವುದು ಅವನ ಉದ್ಯೋಗವಾಗಿತ್ತು. ರಾಣಿ ಅತ್ತರೆ ಮಾಮಾ ಅಳುತ್ತಿದ್ದ, ಕುದುರೆ ಕೆನೆದರೆ ಮಾಮಾ ಕೆನೆಯುತ್ತಿದ್ದ. ಮಾತಿನ ಚಿತ್ರ ಬಂದ ದಿನವೇ ಇಂಥವರೆಲ್ಲ ಮಾಯವಾದರು ಎಂದು ಸಿನೆಮಾದ ಚರಿತ್ರೆ ಬರೆದವರು ಒಬ್ಬರನ್ನೊಬ್ಬರು ನೋಡಿ ಬರೆದಿದ್ದಾರೆ. ಒಬ್ಬರೂ ಹುಬ್ಬಳ್ಳಿಗೆ ಬಂದು ಕೇಳಲಿಲ್ಲ. ಮಾಮಾ ಕೆಲಸ ಕಳೆದುಕೊಂಡದ್ದು ನಿಜ. ಹತ್ತು ವರ್ಷ ಅವನು ದಲಾಲರ ಅಡತಿ ಅಂಗಡಿಯಲ್ಲಿ ಹತ್ತಿಯ ಅಂಡಿಗೆಗಳ, ಅಂದರೆ ಮೂಟೆಗಳ, ಮೇಲೆ ಕಪ್ಪು ಬಣ್ಣದಲ್ಲಿ ಗುರುತು ಬರೆಯುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಒಂದೂ ಮಾತು ಬೇಕಿಲ್ಲದ ಕೆಲಸ. ಮನೆಗೆ ಬಂದ ಮೇಲೆ ಅವ್ವ ಉಪ್ಪಿನಕಾಯಿ ಬೇಕೇ ಎಂದು ಕೇಳಿದರೆ, ಸಿಂಹಾಸನ ಬೇಕೇ ಎಂದು ಕೇಳಿದಂತೆ ಉತ್ತರ ಕೊಡುತ್ತಿದ್ದ. ಒಳಗೆ ಕಟ್ಟಿಕೊಂಡಿದ್ದ ಧ್ವನಿಗೆ ಬೇರೆ ದಾರಿಯಿರಲಿಲ್ಲ.

ಆ ದಾರಿಯನ್ನು ತೆರೆದದ್ದು ತಮಿಳು ಚಿತ್ರ. ಆಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ತಮಿಳರು ಬಹಳ ಜನ ಇದ್ದರು. ಅವರಿಗಾಗಿ ಒಂದು ತಮಿಳು ಚಿತ್ರ ತರಿಸಬೇಕೆಂದು ಥೇಟರಿನ ಮಾಲಕರಿಗೆ ಆಸೆ. ಆದರೆ ಅವರಷ್ಟೇ ಬಂದರೆ ಬೆಂಚುಗಳು ತುಂಬುವುದಿಲ್ಲ. ಕನ್ನಡದ ಮಂದಿಯೂ ಬರಬೇಕು. ಅವರಿಗೆ ಅರ್ಥ ಹೇಳುವವರು ಬೇಕು. ಮಾಲಕರು ಮಾಮಾನನ್ನು ಕರೆಸಿ, "ತಮಿಳು ಬರತೈತೇನು?" ಎಂದು ಕೇಳಿದರು. "ನೀರು ಕುಡದಂಗ" ಎಂದ ಮಾಮಾ. ಅವನಿಗೆ ತಮಿಳಿನಲ್ಲಿ ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ.

ಆದರೂ ಪೂರ್ತಿ ಮೋಸವೆನ್ನಲಾರೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಪೊನ್ನುಸಾಮಿ ಎಂಬವರ ಪರಿಚಯ ಮಾಮಾನಿಗೆ ಇತ್ತು. ನಮ್ಮೂರಿನ ಕನ್ನಡವನ್ನು ನಮಗಿಂತ ಸ್ವಚ್ಛವಾಗಿ ಆಡುವ ಮನುಷ್ಯ. ಅವರಿಗೆ ಚಹಾ ಕುಡಿಸಿ ಮಾಮಾ ಇಡೀ ಕತೆಯನ್ನು ಮೊದಲೇ ಕೇಳಿಕೊಂಡ. ಕತೆ ಸರಳವಾಗಿತ್ತು. ತಮಿಳುನಾಡಿನ ಒಬ್ಬ ಚೋಳ ಅರಸ ಉತ್ತರಕ್ಕೆ ದಂಡೆತ್ತಿ ಬರುತ್ತಾನೆ, ತುಂಗಭದ್ರೆಯ ದಂಡೆಯ ಮೇಲೆ ನಮ್ಮ ಚಾಲುಕ್ಯ ಅರಸನನ್ನು ಸೋಲಿಸುತ್ತಾನೆ, ನಮ್ಮವನು ಕಿರೀಟ ಬಿಟ್ಟು ಓಡುತ್ತಾನೆ.

ಬುಧವಾರ ಮೊದಲ ಪ್ರದರ್ಶನ. ಬಲಗಡೆಯ ಬೆಂಚುಗಳಲ್ಲಿ ತಮಿಳರು, ಎಡಗಡೆ ನಾವು, ಎಡಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಮಾಮಾ. ಹಾಡು ನಡೆದಾಗ ಮಾಮಾ ಮಾತಾಡಬಾರದು, ಮಾತು ಮುಗಿದ ಮೇಲೆಯೇ ಅರ್ಥ ಹೇಳಬೇಕು ಎಂದು ಎರಡೂ ಕಡೆಯವರಿಗೆ ಒಪ್ಪಂದವಾಗಿತ್ತು. ಹಾಡುಗಳು ಲೆಕ್ಕವಿಲ್ಲದಷ್ಟು ಇದ್ದುದರಿಂದ ಮಾಮಾನ ಗಂಟಲಿಗೆ ಒಳ್ಳೆಯ ವಿಶ್ರಾಂತಿ ಸಿಗುತ್ತಿತ್ತು. ಆ ದಿನ ಅವನು ಪೊನ್ನುಸಾಮಿಯವರು ಹೇಳಿದ್ದನ್ನೇ ಪ್ರಾಮಾಣಿಕವಾಗಿ ಹೇಳಿದ. ಪರಿಣಾಮ ಕೆಟ್ಟದಾಯಿತು. ಮುಗದ ಎಂಬ ಹಳ್ಳಿಯಿಂದ ರೈಲಿನಲ್ಲಿ ಬಂದಿದ್ದ ಒಬ್ಬ ಹಿರಿಯರು ಅರ್ಧಕ್ಕೇ ಎದ್ದು ನಿಂತು, "ನಮ್ಮ ಅರಸ ಓಡಿ ಹೋಗೋದ ನೋಡಾಕ ನಾವು ರೈಲ ಹತ್ತಿ ಬರಬೇಕೇನಪಾ? ಅದನ್ನ ಊರಾಗ ಕುಂತ ಕೇಳತಿದ್ವಿ" ಎಂದು ತಲೆಯ ಪಟಕ ಸರಿಮಾಡಿಕೊಂಡು ನಡೆದರು. ಅವರ ಹಿಂದೆ ಎಡಗಡೆಯ ಬೆಂಚುಗಳು ಒಂದೊಂದಾಗಿ ಖಾಲಿಯಾದವು.

ಮಾಲಕರು ಮಾಮಾನಿಗೆ ಎರಡೇ ಮಾತು ಹೇಳಿದರು. ರವಿವಾರದವರೆಗೆ ಚಿತ್ರ ಇಲ್ಲಿರುತ್ತದೆ. ಅಷ್ಟರಲ್ಲಿ ಎಡಗಡೆ ತುಂಬಿದರೆ ಮುಂದೆಯೂ ತಮಿಳು ಚಿತ್ರಗಳನ್ನು ತರಿಸುತ್ತೇನೆ, ಪೆಟ್ಟಿಗೆ ನಿನ್ನದು. ತುಂಬದಿದ್ದರೆ ನೀನು ಅಂಡಿಗೆಗಳಿಗೆ ಹೋಗು.

ಗುರುವಾರ ನಾನು ಮತ್ತೆ ಹೋದೆ. ತೆರೆಯ ಮೇಲೆ ಒಂದು ಕೂದಲೂ ಬದಲಾಗಿರಲಿಲ್ಲ. ಅದೇ ಅರಸ, ಅದೇ ಆನೆ, ಅದೇ ನದಿ. ಚೋಳ ಅರಸ ಮೊದಲ ಸಲ ಅರಮನೆಯ ಮೆಟ್ಟಿಲಿಳಿದು ಬಂದಾಗ ಮಾಮಾ ಕೊಳವೆ ಎತ್ತಿ, "ಬಂದ ನೋಡ್ರಿ, ನಮ್ಮ ಚಾಲುಕ್ಯ ಚಕ್ರವರ್ತಿ" ಎಂದ.

ಅಷ್ಟೇ. ಹೆಸರುಗಳನ್ನು ಅದಲುಬದಲು ಮಾಡಿದ್ದ. ಮುಂದಿನದೆಲ್ಲ ತಾನಾಗಿಯೇ ಸರಿಹೋಯಿತು. ಚಿತ್ರದಲ್ಲಿ ಮಾತುಮಾತಿಗೆ ಚೋಳ ಎಂಬ ಶಬ್ದ ಕಿವಿಗೆ ಬೀಳುತ್ತಿತ್ತು; ಅದಕ್ಕೂ ಮಾಮಾನ ಹತ್ತಿರ ಉತ್ತರ ಸಿದ್ಧವಾಗಿತ್ತು: "ನೋಡ್ರಿ, ನಮ್ಮ ಅರಸ ಕನಸಿನ್ಯಾಗೂ ಆ ಚೋಳನ್ನ ಮರೀವಲ್ಲ." ಯುದ್ಧದಲ್ಲಿ ನಾಯಕ ಆನೆಯ ಮೇಲಿಂದ ಈಟಿ ಎಸೆದಾಗ ಬಲಗಡೆಯವರು ತಮ್ಮ ಅರಸನಿಗೆಂದು ಚಪ್ಪಾಳೆ ತಟ್ಟಿದರು, ಎಡಗಡೆಯವರು ತಮ್ಮ ಅರಸನಿಗೆಂದು ತಟ್ಟಿದರು. ಒಬ್ಬನೇ ಮನುಷ್ಯ, ಒಂದೇ ಈಟಿ. ತಗಡಿನ ಮಾಡು ಅದುರಿತು. ಅಂಥ ಒಮ್ಮತವನ್ನು ನಾನು ಮುಂದೆ ಯಾವ ಸಭೆಯಲ್ಲಿಯೂ ಕಾಣಲಿಲ್ಲ.

ಆದರೆ ನನ್ನ ಕಣ್ಣು ಇದ್ದದ್ದು ಧ್ವಜದ ಮೇಲೆ. ಶುಕ್ರವಾರ ಮುಂಜಾನೆ ರೊಟ್ಟಿಯ ಮುಂದೆ ಕುಳಿತಾಗ ಬಾಯಿ ತಡೆಯಲಿಲ್ಲ.

"ಮಾಮಾ, ನಿನ್ನ ಚಾಲುಕ್ಯನ ಧ್ವಜದಾಗ ಹುಲಿ ಐತಿ."

"ಐತಿ. ಛಲೋ ಹುಲಿ."

"ಹುಲಿ ಚೋಳರದು. ಚಾಲುಕ್ಯರದು ವರಾಹ."

"ಹಂದಿ ನೋಡಾಕ ಯಾರ ಬರತಾರೋ ಬಸ್ಯಾ? ಅದನ್ನ ಓಣ್ಯಾಗ ದಿನಾ ನೋಡತಾರ."

"ಖರೇ ಅನ್ನೋದು ಒಂದು ಇರತೈತಿ, ಮಾಮಾ."

"ಖರೇ ಹೇಳಿದ್ನೆಲ್ಲಪಾ ಬುಧವಾರ. ಕೇಳಾಕ ನೀ ಒಬ್ಬನ ಉಳಿದಿದ್ದಿ."

ಅವ್ವ ಇನ್ನೊಂದು ರೊಟ್ಟಿ ಹಾಕಿ, "ಊಟದ ಮುಂದ ಹಂದಿ, ಹುಲಿ ಬ್ಯಾಡ. ಪಲ್ಯಾ ತಿನ್ರಿ" ಎಂದಳು.

ಆ ದಿನದ ಪ್ರದರ್ಶನದಲ್ಲಿ ಧ್ವಜ ಕಂಡಕೂಡಲೇ ಮಾಮಾ, "ಶತ್ರುವಿನ ಹುಲಿ ಧ್ವಜ ಕಸಗೊಂಡು ತನ್ನ ದಂಡಿನ ಮುಂದ ಹಿಡಿಸ್ಯಾನ, ನೋಡ್ರಿ ಧೈರ್ಯ" ಎಂದು ಸೇರಿಸಿದ್ದನಂತೆ. ನನ್ನ ಆಕ್ಷೇಪದಿಂದ ಸುಳ್ಳು ಇನ್ನಷ್ಟು ಗಟ್ಟಿಯಾಯಿತು. ನನಗೆ ಮೈ ಉರಿಯಿತು. ಅಷ್ಟು ಹೊತ್ತಿಗೆ ಧಾರವಾಡದಿಂದ ಇತಿಹಾಸದ ಮಾಸ್ತರರೊಬ್ಬರು ಶಾಸನಗಳ ಮೂರು ಸಂಪುಟಗಳನ್ನು ರಟ್ಟು ಕಟ್ಟಿಸಲು ಕೊಡಲು ನಮ್ಮ ಅಂಗಡಿಗೆ ಬಂದರು. ಅವರ ಹೆಸರು ಬೇಡ. ಮೊಮ್ಮಕ್ಕಳು ಇದನ್ನು ಓದಬಹುದು. ಚಾಲುಕ್ಯರ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತೆಂದು ಎರಡೂ ಊರುಗಳಲ್ಲಿ ಖ್ಯಾತಿ. ಥೇಟರಿನಲ್ಲಿ ಇತಿಹಾಸಕ್ಕೆ ಹೀಗೆ ಅಪಚಾರವಾಗುತ್ತಿದೆ ಎಂದು ನಾನು ಅವರ ಮುಂದೆ ಎಲ್ಲ ಹೇಳಿದೆ. ಮಾಮಾ ನನ್ನ ಮಾಮಾನೆಂಬುದನ್ನು ಮಾತ್ರ ಹೇಳಲಿಲ್ಲ. "ರವಿವಾರ ಮಧ್ಯಾಹ್ನದ ಆಟಕ್ಕ ಬರ್ತೀನಿ" ಎಂದು ಅವರು ಊರುಗೋಲು ನೆಲಕ್ಕೆ ಕುಟ್ಟಿ ಹೋದರು.

ಶನಿವಾರ ಅರ್ಧ ದಿನದ ರಜೆ. ಸತ್ಯಕ್ಕೆ ಇನ್ನೊಬ್ಬ ಸಾಕ್ಷಿ ಬೇಕೆಂದು ಪೊನ್ನುಸಾಮಿಯವರು ಇರುವ ಸಾಲುಮನೆಗಳ ಚಾಳಿಗೆ ಹೋದೆ. ಅವರು ಬಾಗಿಲ ಮುಂದಿನ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಒಳಗೆ ಅವರ ತಾಯಿ ಏನೋ ಹಾಡಿಕೊಳ್ಳುತ್ತಿದ್ದಳು, ಚಿತ್ರದ್ದೇ ಹಾಡು.

"ಪೊನ್ನುಸಾಮಿಯವರ, ನಿಮ್ಮ ಅರಸನ್ನ ನಮ್ಮ ಮಾಮಾ ಕದ್ದಾನ. ನಿಮಗ ಗೊತ್ತಿಲ್ಲೇನು?"

"ಗುರುವಾರನ ಗೊತ್ತಾತು. ನಾ ಕಿವುಡ ಅಲ್ಲಲ್ರಿ."

"ಮತ್ತ ಸುಮ್ಮನ ಕುಂತೀರಿ?"

"ನಾ ಅಷ್ಟ ಅಲ್ಲ, ಇಡೀ ಚಾಳ ಸುಮ್ಮನ ಕುಂತೈತಿ. ಎಡಗಡಿ ತುಂಬಿದ್ರ ಮುಂದಿನ ಚಿತ್ರ ಬರತೈತಿ. ಖಾಲಿ ಆದ್ರ ಇದ ಕಡೀದು." ಅವರು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರು. "ನಮ್ಮವ್ವ ಈ ಊರಿಗೆ ಬಂದು ಹನ್ನೆರಡು ವರ್ಷ ಆತ್ರಿ. ಆಕಿಗೆ ಕನ್ನಡ ಹತ್ತಲಿಲ್ಲ. ಚಾಳಿನ್ಯಾಗ ನಾವು ತಮಿಳ ಮಾತಾಡತೇವಿ, ಖರೇ. ಆದ್ರ ಏನ ಮಾತಾಡತೇವಿ? ನಳ ಬಂತೇನು, ಇದ್ದಲಿ ತೀರಿತೇನು. ಅಲ್ಲಿ ರಾಣಿ ಮಾತಾಡತಾಳ. ಆಕಿ ನಾಲ್ಕು ದಿನ ಆತು, ಮಧ್ಯಾಹ್ನ ಆಗೋದ ತಡ, ಸೀರಿ ಉಟ್ಟು ಬಾಗಿಲದಾಗ ನಿಲ್ಲತಾಳ."

ಅವರು ಒದ್ದೆ ಕೈಗಳನ್ನು ಒರೆಸಿಕೊಂಡರು.

"ಅರಸ ನಾಲ್ಕು ದಿನ ನಿಮ್ಮವ ಆದ್ರ ಅವಗೇನು ಬ್ಯಾಸರಾಗತೈತೇನು? ಆಂವ ಸತ್ತು ಎಷ್ಟು ವರ್ಷ ಆತು?"

"ಸುಮಾರು ಒಂಬೈನೂರು" ಎಂದೆ, ಅಭ್ಯಾಸಬಲದಿಂದ. ಆಮೇಲೆ ಮಾಸ್ತರರು ನಾಳೆ ಬರುವ ಸಂಗತಿಯನ್ನೂ ಹೇಳಿದೆ.

"ಯಾರು ಕರದ್ರು?"

"ನಾನ."

ಪೊನ್ನುಸಾಮಿ, "ಹಂಗಾರ ನೀವ ನೋಡಿಕೋರಿ" ಎಂದು ತಂಬಿಗೆ ತೆಗೆದುಕೊಂಡು ಒಳಗೆ ಹೋದರು. ನಾನು ಸತ್ಯವನ್ನು ಕಾಪಾಡಲು ಹೋಗಿ ಒಬ್ಬನ ಧ್ವನಿಗೂ ಒಬ್ಬಳ ಕಿವಿಗೂ ಬೀಗ ಜಡಿಯುವ ಏರ್ಪಾಡು ಮಾಡಿ ಬಂದಿದ್ದೆ.

ರವಿವಾರ ಎಡಗಡೆ ಕಾಲಿಡಲು ಜಾಗವಿರಲಿಲ್ಲ. ಮುಗದದ ಆ ಹಿರಿಯರು ಈ ಸಲ ಬೀಗರನ್ನೂ ಕರೆದುಕೊಂಡು ಬಂದಿದ್ದರು. ಹೆಂಗಸರ ಬೆಂಚಿನಲ್ಲಿ ಪೊನ್ನುಸಾಮಿಯವರ ತಾಯಿ ಹಸಿರು ಸೀರೆಯುಟ್ಟು ಮೊದಲ ಸಾಲಿನಲ್ಲಿದ್ದಳು. ಮಾಲಕರು ಬಾಗಿಲಲ್ಲಿ ನಿಂತು ತಲೆಗಳನ್ನು ಎಣಿಸುತ್ತಿದ್ದರು. ಮಾಸ್ತರರು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಮಾಮಾ ಅವರನ್ನು ಕಂಡು, ದೊಡ್ಡವರು ಬಂದರೆಂದು ಸಂತೋಷಪಟ್ಟು, ಕೈಮುಗಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗಾಗಿರಲಿಲ್ಲ.

ಆ ಥೇಟರಿನಲ್ಲಿ ಇದ್ದದ್ದು ಒಂದೇ ಯಂತ್ರ. ರೀಲು ಬದಲಿಸುವಾಗ ದೀಪ ಹಾಕುತ್ತಿದ್ದರು. ಯುದ್ಧದ ರೀಲು ಮುಗಿದು ದೀಪ ಹತ್ತಿದಾಗ ಮಾಸ್ತರರು ಎದ್ದು ನಿಂತರು. ಊರುಗೋಲನ್ನು ತೆರೆಯ ಕಡೆಗೆ ಚಾಚಿದರು.

"ಅಲ್ಲ, ನನಗೊಂದು ಸಂಶಯ ಅದ. ಧ್ವಜದಾಗ ಇದ್ದದ್ದು ಹುಲಿ. ಚಾಲುಕ್ಯರಿಗೂ ಹುಲಿಗೂ ಏನು ಸಂಬಂಧ?"

ಮಾಮಾ ಧ್ವಜ ಕಸಿದುಕೊಂಡ ಕತೆಯನ್ನು ಮತ್ತೆ ಹೇಳಿದ.

"ಅದಕ್ಕ ಆಧಾರ?"

ಆಧಾರ ಎಂಬ ಶಬ್ದವನ್ನು ಮಾಮಾ ತನ್ನ ವೃತ್ತಿಜೀವನದಲ್ಲಿ ಕೇಳಿರಲಿಲ್ಲ. ಕೊಳವೆ ಅವನ ಬಾಯಿಂದ ಕೆಳಗಿಳಿಯಿತು. ಎಡಗಡೆಯವರು ಮಾಸ್ತರರನ್ನೂ ಮಾಮಾನನ್ನೂ ನೋಡತೊಡಗಿದರು. ಬಲಗಡೆಯವರು ನನ್ನನ್ನು ನೋಡುತ್ತಿದ್ದರು. ಮಾಲಕರು ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದರು.

ಇಲ್ಲಿ ಒಂದು ಕಸುಬಿನ ಗುಟ್ಟು ಹೇಳಬೇಕು. ಆ ಕಾಲದ ಎಷ್ಟೋ ಪುಸ್ತಕಗಳಲ್ಲಿ ಹಾಳೆಗಳ ಮಡಿಕೆ ಸೀಳಿರುತ್ತಿರಲಿಲ್ಲ. ಓದುವವನು ಚಾಕುವಿನಿಂದ ಸೀಳುತ್ತ ಸೀಳುತ್ತ ಓದಬೇಕು. ಆದ್ದರಿಂದ ಯಾರು ಯಾವ ಪುಸ್ತಕವನ್ನು ಎಲ್ಲಿಯವರೆಗೆ ಓದಿದ್ದಾರೆ ಎಂಬುದು ಅವರ ಹೆಂಡತಿಗೆ ಗೊತ್ತಿಲ್ಲದಿದ್ದರೂ ರಟ್ಟು ಕಟ್ಟುವವನಿಗೆ ಗೊತ್ತಿರುತ್ತದೆ. ಮಾಸ್ತರರು ತಮ್ಮ ಪ್ರತಿಯೊಂದು ಭಾಷಣದಲ್ಲಿ ಉದಾಹರಿಸುವ ಆ ಶಾಸನಗಳ ಎರಡನೆಯ ಸಂಪುಟ ನಮ್ಮ ಅಂಗಡಿಯಲ್ಲಿ ಹಲಗೆಯ ಮೇಲೆ ಇತ್ತು. ಶನಿವಾರ ನಾನು ಅದನ್ನು ಬಿಚ್ಚಿ ನೋಡಿದ್ದೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಒಂದು ಮಡಿಕೆಯೂ ಸೀಳಿರಲಿಲ್ಲ.

ನಾನು ಎದ್ದು ನಿಂತೆ.

"ಮಾಸ್ತರ, ಅದು ನಿಮ್ಮ ಎರಡನೇ ಸಂಪುಟದಾಗನ ಐತೆಲ್ರಿ. ಚೋಳರ ಹುಲಿ ಧ್ವಜ ಕಸಗೊಂಡು ನಮ್ಮ ಅರಸ ತನ್ನ ದಂಡಿನ ಮುಂದ ಹಿಡಿಸಿದ ಅಂತ. ನಿಮಗ ನಾ ಏನ ಹೇಳೋದೈತಿ."

ನಾನೂ ಆ ಸಂಪುಟವನ್ನು ಓದಿರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ಅವರು ಓದಿಲ್ಲವೆಂಬುದು ನನಗೆ ಗೊತ್ತಿತ್ತು, ಮತ್ತು ಪುಸ್ತಕ ಯಾರ ಅಂಗಡಿಯಲ್ಲಿದೆ ಎಂಬುದು ಅವರಿಗೆ ಆಗ ನೆನಪಾಯಿತು. ಅವರ ಊರುಗೋಲು ನಿಧಾನವಾಗಿ ಕೆಳಗಿಳಿಯಿತು. ಒಮ್ಮೆ ಕೆಮ್ಮಿದರು.

"ಹೌದಪಾ. ಎರಡನೇ ಸಂಪುಟ. ಮರ್ತಿದ್ದೆ."

ಅವರು ಕುಳಿತರು. ಮೊದಲು ಚಪ್ಪಾಳೆ ತಟ್ಟಿದವರು ಪೊನ್ನುಸಾಮಿ, ಆಮೇಲೆ ಬಲಗಡೆಯವರೆಲ್ಲ. ತಮಿಳರೇ ಒಪ್ಪಿಕೊಂಡ ಮೇಲೆ ಸಂಶಯವೇನು ಎಂದು ಎಡಗಡೆಯವರೂ ಸೇರಿದರು. ಮಾಮಾ ಕೊಳವೆ ಎತ್ತಿದ.

ಸೋಮವಾರ ನಾನು ಸಂಪುಟದ ಹಾಳೆಗಳನ್ನು ಸೀಳಿ ಓದಿದೆ; ಅದನ್ನು ಈಗಲೇ ಹೇಳಿಬಿಡುತ್ತೇನೆ. ಹುಲಿಯ ಧ್ವಜದ ಸುದ್ದಿ ಎಲ್ಲಿಯೂ ಇರಲಿಲ್ಲ. ಆದರೆ ಒಂದೇ ಯುದ್ಧದ ವಿಷಯದಲ್ಲಿ ಎರಡು ಶಾಸನಗಳಿದ್ದವು. ಚೋಳರ ಕಲ್ಲಿನಲ್ಲಿ ಚಾಲುಕ್ಯ ಓಡಿದ್ದಾನೆ, ಚಾಲುಕ್ಯರ ಕಲ್ಲಿನಲ್ಲಿ ಚೋಳ ಸೋತಿದ್ದಾನೆ. ಎರಡೂ ಬಲು ಸುಂದರವಾದ ಭಾಷೆಯಲ್ಲಿವೆ. ಒಂಬೈನೂರು ವರ್ಷಗಳ ಹಿಂದೆಯೂ ಎರಡೂ ದಂಡೆಗಳಲ್ಲಿ ಒಬ್ಬೊಬ್ಬ ನಿಂಗಪ್ಪ ಮಾಮಾ ಪೆಟ್ಟಿಗೆಯ ಮೇಲೆ ನಿಂತಿದ್ದ. ಯಾವನು ಖರೇ ಓಡಿದ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ತಿಳಿದಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ಮಾಸ್ತರರು ಪುಸ್ತಕ ಒಯ್ಯಲು ಬಂದಾಗ ಸೀಳಿದ ಅಂಚುಗಳ ಮೇಲೆ ಬೆರಳಾಡಿಸಿದರು. ಇಬ್ಬರೂ ಹವೆಯ ಬಗ್ಗೆ ಮಾತಾಡಿದೆವು.

ಆ ರವಿವಾರ ಆಟ ಬಿಟ್ಟಾಗ ಇನ್ನೂ ಬಿಸಿಲಿತ್ತು. ಮಾಲಕರು ಮಾಮಾನ ಹತ್ತಿರ ಬಂದು, ಮುಂದಿನ ತಿಂಗಳು ಮದ್ರಾಸಿನಿಂದ ಇನ್ನೊಂದು ಚಿತ್ರ ತರಿಸುತ್ತೇನೆಂದೂ, ಗಂಟಲು ಕಾಯ್ದುಕೊಳ್ಳಬೇಕೆಂದೂ ಹೇಳಿ ಹೋದರು. ಮಾಮಾ ಪೆಟ್ಟಿಗೆಯನ್ನು ಬೇವಿನ ಗಿಡದ ನೆರಳಿಗೆ ತಂದು ಅದರ ಮೇಲೆಯೇ ಕುಳಿತುಬಿಟ್ಟ. "ಬಸ್ಯಾ, ಎರಡನೇ ಸಂಪುಟದಾಗ ಖರೇನ ಹಂಗ ಐತೇನು?" ಎಂದು ಕೇಳಿದ. ತಾನೇ ಕಟ್ಟಿದ ಕತೆ ನಿಜವಾಗಿಬಿಟ್ಟಿತೇ ಎಂಬ ಗಾಬರಿ ಅವನದು. ಅಷ್ಟರಲ್ಲಿ ಪೊನ್ನುಸಾಮಿ ತಾಯಿಯ ಕೈಹಿಡಿದು ಕರೆತಂದರು.

ಮುದುಕಿ ಮಾಮಾನ ಎದುರು ನಿಂತು ಮಾತಾಡತೊಡಗಿದಳು. ತಮಿಳಿನಲ್ಲಿ, ಬಹಳ ಹೊತ್ತು, ರಾಣಿಯ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿಕೊಂಡು. ಒಮ್ಮೆ ತೋರುಬೆರಳು ಮಾಮಾನ ಮೂಗಿನವರೆಗೆ ಬಂತು. ಒಮ್ಮೆ ಎರಡೂ ಕೈ ಎತ್ತಿ ಗಾಳಿಯಲ್ಲಿ ಏನೋ ಹಾರಾಡಿದಂತೆ ತೋರಿಸಿದಳು, ಅದರ ಮೇಲೆ ಉಗುರಿನಿಂದ ಪಟ್ಟೆ ಎಳೆದಳು. ಎರಡು ಸಲ ತಲೆ ಚಚ್ಚಿಕೊಂಡಳು. ಒಂದು ಸಲ ನಕ್ಕಳು. ಮಾಮಾ ಎದ್ದು ನಿಂತು, ಪರೀಕ್ಷೆಯ ಫಲ ಕೇಳುವವನಂತೆ ಪೊನ್ನುಸಾಮಿಯವರ ಕಡೆ ತಿರುಗಿದ.

"ಏನಂದ್ರು ಅವ್ವಾರು?"

"ಛಲೋ ಹೇಳತೀರಂತ. ಮುಂದಿನ ಚಿತ್ರಕ್ಕೂ ನೀವ ಇರಬೇಕಂತ."

ಮಾಮಾನ ಕಣ್ಣು ತುಂಬಿದವು. ಅವಳ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ. ಅಷ್ಟು ಉದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ಕೇಳಲು ನಾನು ಬಾಯಿ ತೆರೆದೆ. ಪೊನ್ನುಸಾಮಿ ನನ್ನನ್ನು ನೋಡಿದರು. ಬಾಯಿ ಮುಚ್ಚಿಕೊಂಡೆ. ಜನ್ಮದಲ್ಲಿ ಅದೊಂದು ಮಾತನ್ನು ನಾನು ಹಾಗೆಯೇ ನಂಬಿದ್ದೇನೆ.